ಸೊಸೈಟಿ ಲೆಕ್ಕ ಯಾರ ಪೆಟ್ಟಿಗೆಯಲ್ಲಿದೆ? ಹುಣಸೂರು ಸೀಮೆಯಿಂದ ಸಾಫ್ಟ್‌ವೇರ್ ಸ್ಟೋರೇಜ್‌ಗೊಂದು ಕೈಪಿಡಿ

ಪಿರಿಯಾಪಟ್ಟಣ ಕಡೆಯ ಒಂದು ಹಾಲಿನ ಡೇರಿಯ ಕಾರ್ಯದರ್ಶಿ ಫೋನ್ ಮಾಡಿದ್ರು. 'ಸಿಸ್ಟಮ್ ಆನೇ ಆಗ್ತಿಲ್ಲ ಕಣಪ್ಪ. ನಾಳಿದ್ದು ಬಟವಾಡೆ ಮಾಡ್ಬೇಕು, ಏನಾದ್ರೂ ಮಾಡು.' ಹೋಗಿ ನೋಡಿದರೆ ಹಾರ್ಡ್ ಡಿಸ್ಕ್ ಕೈಕೊಟ್ಟಿತ್ತು. ಬ್ಯಾಕಪ್ ಎಲ್ಲಿದೆ ಅಂತ ಕೇಳಿದೆ. ಅದೇ ಡಿಸ್ಕಿನ 'ಡಿ ಡ್ರೈವ್'ನಲ್ಲಿತ್ತು. ಅಂದ್ರೆ ಮನೆ ಬೀಗದ ಎರಡನೇ ಕೀಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಕೊನೆಗೆ ಆ ವಾರದ ಬಟವಾಡೆ ನಡೆದದ್ದು ಹಾಲು ಅಳೆಯುವ ಹುಡುಗ ಅಭ್ಯಾಸಬಲದಿಂದ ಬರೆದಿಟ್ಟಿದ್ದ ನೋಟ್ ಪುಸ್ತಕ ನೋಡಿ.

ನಾನು ಹುಣಸೂರು ಕಡೆಯವನು, ಹೊಟ್ಟೆಪಾಡಿಗೆ ಸರ್ವರ್ ನೋಡಿಕೊಳ್ಳುವವನು. ಇಂಥ ಫೋನ್ ಕರೆ ನನಗೆ ಹೊಸದಲ್ಲ. ಆದರೆ ಆಮೇಲೆ ನಡೆದ ಮಾತುಕತೆ ತಲೆಯಲ್ಲಿ ಕೂತುಬಿಟ್ಟಿತು. ಆಡಳಿತ ಮಂಡಳಿಯವರು, 'ಇನ್ಮೇಲೆ ಹಿಂಗಾಗಬಾರದು, ಯಾವ ಸ್ಟೋರೇಜ್ ತಗೊಳ್ಳೋಣ ಹೇಳಿ' ಅಂದರು. ಅವರ ಮೇಜಿನ ಮೇಲೆ ಆಗಲೇ ಮೂರು ಕೊಟೇಶನ್ ಇದ್ದವು. ಮೂರೂ ಬೇರೆ ಬೇರೆ ಭಾಷೆ ಮಾತಾಡುತ್ತಿದ್ದವು. ಒಂದರಲ್ಲಿ 'ಹೈಪರ್ ಕನ್ವರ್ಜ್ಡ್', ಇನ್ನೊಂದರಲ್ಲಿ 'ಆಬ್ಜೆಕ್ಟ್ ಸ್ಟೋರೇಜ್', ಮತ್ತೊಂದರಲ್ಲಿ ಬರೀ 'ಕ್ಲೌಡ್'. ಈ ಬರಹ ಆ ಮೂರು ಕೊಟೇಶನ್‌ಗಳನ್ನು ಓದಿಕೊಳ್ಳಲು ಬೇಕಾದ ಕೈಪಿಡಿ. ಇದು ರಾಜಕೀಯದ ಬರಹವೂ ಹೌದು. ಯಾಕೆ ಅಂತ ಮೊದಲು ಹೇಳ್ತೀನಿ.

ದಾಖಲೆ ಯಾರ ಕೈಯಲ್ಲೋ, ಅಧಿಕಾರ ಅವರ ಕೈಯಲ್ಲಿ

ದೇವರಾಜ ಅರಸು ಅವರ ಊರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. 1974ರ ಮಾರ್ಚ್ 1ಕ್ಕೆ ಜಾರಿಗೆ ಬಂದ ಅವರ ಭೂಸುಧಾರಣೆ ತಿದ್ದುಪಡಿಯನ್ನು ನಾವು 'ಉಳುವವನೇ ಹೊಲದೊಡೆಯ' ಅಂತ ನೆನೆಯುತ್ತೇವೆ. ಆದರೆ ಭೂನ್ಯಾಯ ಮಂಡಳಿ ಮುಂದೆ ನಿಂತ ಗೇಣಿದಾರನಿಗೆ ಘೋಷಣೆಯಷ್ಟೇ ಸಾಲುತ್ತಿರಲಿಲ್ಲ. ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಅವನ ಹೆಸರಿದೆಯೋ ಇಲ್ಲವೋ ಅನ್ನುವುದು ದೊಡ್ಡ ಪ್ರಶ್ನೆಯಾಗಿತ್ತು. ಆ ಕಾಲಂ ತುಂಬುವ ಪೆನ್ನು ಗ್ರಾಮ ಲೆಕ್ಕಿಗನ ಕೈಯಲ್ಲಿ, ಪುಸ್ತಕ ಅವನ ಕಂಕುಳಲ್ಲಿ.

2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಏರಿದವು. ಪುಸ್ತಕ ಕಂಕುಳಿಂದ ಸರ್ವರ್‌ಗೆ ಹೋಯಿತು. 2018ರ ಬೆಳೆಸಾಲ ಮನ್ನಾ ಸಮಯದಲ್ಲಿ ಯಾರಿಗೆ ಮನ್ನಾ, ಯಾರಿಗಿಲ್ಲ ಅನ್ನುವುದು ತೀರ್ಮಾನವಾಗಿದ್ದು ಆಧಾರ್, ಪಡಿತರ ಚೀಟಿ, ಪಹಣಿ ಮೂರನ್ನೂ ತಾಳೆ ಹಾಕಿದ ಸಾಫ್ಟ್‌ವೇರಿನಲ್ಲಿ. ಇವತ್ತು ಡೇರಿಗೆ ಹಾಲು ಹಾಕುವವರ ಪ್ರೋತ್ಸಾಹಧನ ಖಾತೆಗೆ ಬೀಳುವುದು ಡೇರಿಯ ಡೇಟಾ ನೋಡಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನ ಬೆಳೆಗಾರನ ಬ್ಯಾರನ್ ನೋಂದಣಿ, ಮಾರಿದ ಬೇಲ್, ಸಿಕ್ಕ ದರ ಎಲ್ಲವೂ ಹರಾಜು ಕಟ್ಟೆಯ ಕಂಪ್ಯೂಟರಿನಲ್ಲಿ. ಕೆ.ಆರ್. ನಗರದ ಭತ್ತದ ರೈತನ ಬೆಳೆಸಾಲ ಕೃಷಿ ಪತ್ತಿನ ಸಹಕಾರ ಸಂಘದ ಲೆಕ್ಕದಲ್ಲಿ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳ ಜನರ ಅರಣ್ಯ ಹಕ್ಕು ಅರ್ಜಿಯ ಜೊತೆಗಿಟ್ಟ ಹಳೆಯ ಕಾಗದ ಯಾವುದೋ ಕಡತದ ಸ್ಕ್ಯಾನ್ ಪ್ರತಿಯಲ್ಲಿ.

ಹಾಗಾಗಿ 'ಸ್ಟೋರೇಜ್' ಅಂದ್ರೆ ಐಟಿ ಹುಡುಗರ ತಲೆನೋವು ಅಂತ ಬಿಟ್ಟುಬಿಡುವ ಹಾಗಿಲ್ಲ. ಪಹಣಿ ಪುಸ್ತಕ ಯಾರ ಕಂಕುಳಲ್ಲಿದೆ ಅಂತ ಕೇಳುವುದಕ್ಕೂ, ಡೇಟಾ ಯಾರ ಡಿಸ್ಕಿನಲ್ಲಿದೆ ಅಂತ ಕೇಳುವುದಕ್ಕೂ ವ್ಯತ್ಯಾಸವಿಲ್ಲ.

ಏನಿದು ಸಾಫ್ಟ್‌ವೇರ್ ಡಿಫೈನ್ಡ್ ಸ್ಟೋರೇಜ್?

ಹಿಂದೆ ದೊಡ್ಡ ಕಂಪನಿಗಳು ಮಾರುತ್ತಿದ್ದ ಸ್ಟೋರೇಜ್ ಪೆಟ್ಟಿಗೆಯಲ್ಲಿ ಡಿಸ್ಕು, ಕಂಟ್ರೋಲರ್, ತಂತ್ರಾಂಶ ಎಲ್ಲ ಒಂದೇ ಕಂಪನಿಯದು. ಡಿಸ್ಕು ಕೆಟ್ಟರೆ ಅವರದ್ದೇ ಡಿಸ್ಕು ಬೇಕು, ಜಾಗ ಸಾಲದಿದ್ದರೆ ಅವರದ್ದೇ ಇನ್ನೊಂದು ಪೆಟ್ಟಿಗೆ ಬೇಕು. ಸಾಫ್ಟ್‌ವೇರ್ ಡಿಫೈನ್ಡ್ ಸ್ಟೋರೇಜ್ ಇವೆರಡನ್ನು ಬಿಡಿಸಿತು. ಅಂಗಡಿಯಲ್ಲಿ ಸಿಗುವ ಮಾಮೂಲಿ ಸರ್ವರ್, ಮಾಮೂಲಿ ಡಿಸ್ಕು ತಗೊಳ್ಳಿ. ಡೇಟಾವನ್ನು ಎಲ್ಲೆಲ್ಲಿ ಇಡಬೇಕು, ಎಷ್ಟು ಪ್ರತಿ ಮಾಡಬೇಕು, ಒಂದು ಕೆಟ್ಟಾಗ ಹೇಗೆ ಸರಿ ಮಾಡಬೇಕು ಅನ್ನುವುದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತೆ.

ಇಲ್ಲಿ ಮೂರು ಮಾತು ಗೊತ್ತಿದ್ದರೆ ಸಾಕು.

ಒಂದು, ಪ್ರತಿ ಇಡುವ ವಿಧಾನ. ಒಂದೇ ಫೈಲನ್ನು ಮೂರು ಕಡೆ ಹಾಗೇ ಇಟ್ಟರೆ ಅದು ರೆಪ್ಲಿಕೇಶನ್. ಸುರಕ್ಷಿತ, ಆದರೆ ಮೂರು ಪಟ್ಟು ಜಾಗ ಬೇಕು. ಇನ್ನೊಂದು ಇರೇಜರ್ ಕೋಡಿಂಗ್. ಇದು ಕೂಡುವ ಲೆಕ್ಕದ ಹಾಗೆ. ಒಂದು ಡಬ್ಬಿಯಲ್ಲಿ 7, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಮೊತ್ತ 12 ಇಟ್ಟಿದ್ದೀರಿ ಅಂದುಕೊಳ್ಳಿ. 5ರ ಡಬ್ಬಿ ಕಳೆದುಹೋದರೆ 12ರಲ್ಲಿ 7 ಕಳೆದು ವಾಪಸ್ ಪಡೆಯಬಹುದು. ಪೂರ್ತಿ ಎರಡನೇ ಪ್ರತಿ ಇಡದೆಯೇ ನಷ್ಟ ತುಂಬಿಕೊಂಡಂತಾಯಿತು. ನಿಜವಾದ ಗಣಿತ ಇದಕ್ಕಿಂತ ಕಷ್ಟದ್ದು, ತತ್ವ ಇಷ್ಟೇ.

ಎರಡು, ಕೋರಂ. ಸಹಕಾರ ಸಂಘದವರಿಗೆ ಇದನ್ನು ವಿವರಿಸಬೇಕಾಗೇ ಇಲ್ಲ. ಕೋರಂ ಇಲ್ಲದೆ ಸಭೆ ನಡೆಯಲ್ಲ ಅಲ್ವಾ? ಹಾಗೇ ಮೂರು ಸರ್ವರ್‌ಗಳ ಗುಂಪಿನಲ್ಲಿ ಕನಿಷ್ಠ ಎರಡು ಒಪ್ಪದೆ ಹೊಸ ಲೆಕ್ಕ ಬರೆಯಲು ಬಿಡುವುದಿಲ್ಲ. ಇಲ್ಲದಿದ್ದರೆ ಕೇಬಲ್ ಕಡಿದಾಗ ಎರಡೂ ಕಡೆಯವರು 'ನಾವೇ ಅಸಲಿ' ಅಂತ ಬೇರೆ ಬೇರೆ ಲೆಕ್ಕ ಬರೆಯುತ್ತಾ ಕೂರುತ್ತಾರೆ. ಪಕ್ಷ ಒಡೆದಾಗ ಎರಡೂ ಬಣ ಚಿಹ್ನೆ ತಮ್ಮದು ಅನ್ನುವ ಹಾಗೆ. ಅದಕ್ಕೇ ಎರಡು ಸರ್ವರ್‌ನ ಗುಂಪು ಅಪಾಯದ್ದು, ಮೂರು ಬೇಕು ಅನ್ನುವುದು.

ಮೂರು, ಡೇಟಾದ ರೂಪ. ಡೇಟಾಬೇಸ್‌ಗೆ ಬೇಕಾದದ್ದು ಬ್ಲಾಕ್, ಕಚೇರಿಯ ಎಲ್ಲರೂ ತೆರೆಯುವ ಫೋಲ್ಡರ್‌ಗೆ ಫೈಲ್, ಸ್ಕ್ಯಾನ್ ಪ್ರತಿ, ಫೋಟೋ, ವಿಡಿಯೋದಂಥವುಗಳನ್ನು ರಾಶಿ ರಾಶಿ ಇಡುವುದಕ್ಕೆ ಆಬ್ಜೆಕ್ಟ್. ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ ಅಮೆಜಾನಿನ 'ಎಸ್3' ವಿಧಾನವೇ ಎಲ್ಲರಿಗೂ ಸಾಮಾನ್ಯ ಭಾಷೆ ಆಗಿಬಿಟ್ಟಿದೆ.

ಮೊದಲು ಅಳತೆ, ಆಮೇಲೆ ಕೊಟೇಶನ್

ಹೊಲ ಎಷ್ಟು ಕುಂಟೆ ಅಂತ ನೋಡದೆ ಯಾರಾದ್ರೂ ಗೊಬ್ಬರ ತರ್ತಾರಾ? ಸ್ಟೋರೇಜ್ ವಿಷಯದಲ್ಲಿ ಮಾತ್ರ ಎಲ್ಲರೂ ಹಾಗೇ ಮಾಡುತ್ತಾರೆ. ಒಂದು ಅಂದಾಜು ಲೆಕ್ಕ ಹಾಕೋಣ.

150 ಜನ ಹಾಲು ಹಾಕುವ ಡೇರಿ. ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 365 ದಿನ. ಒಟ್ಟು 1,09,500 ನಮೂದು. ಒಂದು ನಮೂದಿಗೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ ಎಲ್ಲ ಸೇರಿ 200 ಬೈಟ್ ಅಂದುಕೊಂಡರೂ ವರ್ಷಕ್ಕೆ 22 ಎಂಬಿ. ಹತ್ತು ವರ್ಷದ ಡೇರಿಯ ಇಡೀ ಇತಿಹಾಸ ನಿಮ್ಮ ಫೋನಿನಲ್ಲಿರುವ ಒಂದು ಮದುವೆ ವಿಡಿಯೋಗಿಂತ ಚಿಕ್ಕದು.

1,500 ಸದಸ್ಯರ ಪತ್ತಿನ ಸಂಘ. ಒಬ್ಬರಿಗೆ 20 ಪುಟದ ಸಾಲದ ಕಾಗದ, ಪಹಣಿ, ಗುರುತಿನ ದಾಖಲೆ. ಒಟ್ಟು 30,000 ಪುಟ. ಪುಟಕ್ಕೆ 300 ಕೆಬಿ ಅಂದರೆ 9 ಜಿಬಿ. ಇಂಥ 40 ಸಂಘ ಒಟ್ಟು ಸೇರಿಸಿದರೂ 360 ಜಿಬಿ.

ಈಗ ಸಿಸಿಟಿವಿ ನೋಡಿ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21.6 ಜಿಬಿ. ನಾಲ್ಕು ಕ್ಯಾಮೆರಾ, 30 ದಿನ ಅಂದರೆ ಸುಮಾರು 2.6 ಟಿಬಿ. 40 ಸಂಘದ ವಿಡಿಯೋ ಒಂದೆಡೆ ತಂದರೆ 104 ಟಿಬಿ!

ಮೂರು ಕೊಟೇಶನ್‌ಗಳಲ್ಲಿ ಎರಡು ದುಬಾರಿಯಾಗಿದ್ದಕ್ಕೆ ಕಾರಣ ಇದೇ. ಹಾಲಿನ ಲೆಕ್ಕ, ಸಾಲದ ಲೆಕ್ಕ, ಕ್ಯಾಮೆರಾ ವಿಡಿಯೋ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದ್ದರು. ವಿಡಿಯೋ ಆಯಾ ಸಂಘದ ಡಿವಿಆರ್‌ನಲ್ಲೇ ಇರಲಿ, ಜತನವಾಗಿ ಕಾಯಬೇಕಾದದ್ದು ಲೆಕ್ಕ ಮತ್ತು ಕಾಗದ ಅಂತ ಒಂದು ತೀರ್ಮಾನ ಮಾಡಿದರೆ 104 ಟಿಬಿಯ ಪ್ರಶ್ನೆ ಅರ್ಧ ಟಿಬಿಗೂ ಕಡಿಮೆಗೆ ಇಳಿಯುತ್ತೆ.

ಆಯ್ಕೆಗಳು: ಒಂದೊಂದಾಗಿ

ಝಡ್‌ಎಫ್‌ಎಸ್ ಮತ್ತು ಟ್ರೂನ್ಯಾಸ್. ಝಡ್‌ಎಫ್‌ಎಸ್ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿತು, 2005ರಲ್ಲಿ ಅದರ ಮೂಲ ಕೋಡ್ ಹೊರಬಂತು, 2013ರಿಂದ ಓಪನ್‌ಝಡ್‌ಎಫ್‌ಎಸ್ ಹೆಸರಿನಲ್ಲಿ ಸಮುದಾಯ ಬೆಳೆಸುತ್ತಿದೆ. ಇದನ್ನೇ ವೆಬ್ ಪರದೆಯಿಂದ ನಡೆಸಲು ಅನುಕೂಲ ಮಾಡಿಕೊಡುವುದು ಟ್ರೂನ್ಯಾಸ್. ಒಂದೇ ಸರ್ವರ್ ಸಾಕು. ಪ್ರತಿ ತುಣುಕಿಗೂ ಚೆಕ್‌ಸಮ್ ಇರುವುದರಿಂದ ಡಿಸ್ಕು ಸುಮ್ಮನೆ ಸುಳ್ಳು ಹೇಳಿದರೂ ಹಿಡಿಯುತ್ತೆ. ಹಳೆಯದರ ಮೇಲೆ ಬರೆಯದೆ ಪಕ್ಕದಲ್ಲಿ ಹೊಸದನ್ನು ಬರೆದು ಆಮೇಲೆ ಗುರುತು ಬದಲಿಸುವ ಪದ್ಧತಿ ಇರುವುದರಿಂದ, ನಡುವೆ ಕರೆಂಟ್ ಹೋದರೂ ಅರ್ಧಂಬರ್ಧ ಬರೆದು ಕಡತ ವ್ಯವಸ್ಥೆ ಕೆಡುವ ಭಯ ಕಡಿಮೆ. ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. ಸ್ನ್ಯಾಪ್‌ಶಾಟ್ ತಗೊಳ್ಳೋದು ಕ್ಷಣದ ಕೆಲಸ, ಬದಲಾದಷ್ಟನ್ನೇ ಇನ್ನೊಂದು ಊರಿಗೆ ಕಳಿಸಬಹುದು. ಕೊರತೆ ಅಂದರೆ, ಆ ಒಂದು ಸರ್ವರೇ ನಿಂತರೆ ಅದನ್ನು ಎಬ್ಬಿಸುವವರೆಗೆ ಕೆಲಸ ನಿಲ್ಲುತ್ತೆ.

ಸೆಫ್. ಸೇಜ್ ವೇಲ್ ಅಮೆರಿಕದ ಸಾಂಟಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗಾಗಿ ಕಟ್ಟಿದ್ದು. 2014ರಲ್ಲಿ ರೆಡ್ ಹ್ಯಾಟ್ ಅವರ ಕಂಪನಿಯನ್ನು ಕೊಂಡಿತು. ಆದರೆ 2018ರಿಂದ ಲಿನಕ್ಸ್ ಫೌಂಡೇಶನ್‌ನ ಆಸರೆಯಲ್ಲಿ ಸೆಫ್ ಫೌಂಡೇಶನ್ ಇದೆ, ಹಾಗಾಗಿ ಒಂದೇ ಕಂಪನಿಯ ಮುಷ್ಟಿಯಲ್ಲಿಲ್ಲ. ಬ್ಲಾಕ್, ಫೈಲ್, ಆಬ್ಜೆಕ್ಟ್ ಮೂರನ್ನೂ ಕೊಡುವ ಗಜಗಾತ್ರದ ವ್ಯವಸ್ಥೆ. ಜಿನೀವಾದ ಸರ್ನ್ ಭೌತವಿಜ್ಞಾನ ಕೇಂದ್ರ ಬಳಸುತ್ತದೆ. ಕನಿಷ್ಠ ಮೂರು ಸರ್ವರ್, ಅವುಗಳ ನಡುವೆ ವೇಗದ ನೆಟ್‌ವರ್ಕ್, ಒಂದೊಂದು ಡಿಸ್ಕಿನ ಸೇವೆಗೂ ಸುಮಾರು 4 ಜಿಬಿ ಮೆಮೊರಿ ಬೇಕು. ಮೂರು ಸರ್ವರ್, ಒಂದೊಂದರಲ್ಲಿ 4 ಟಿಬಿಯ ನಾಲ್ಕು ಡಿಸ್ಕು ಅಂದರೆ ಒಟ್ಟು 48 ಟಿಬಿ. ಮೂರು ಪ್ರತಿ ಇಡುವುದರಿಂದ ಕೈಗೆ ಸಿಗುವುದು 16 ಟಿಬಿ. ಶೇ. 85 ತುಂಬುತ್ತಿದ್ದಂತೆ ಎಚ್ಚರಿಕೆ ಕೂಗುವುದರಿಂದ ನಿಜವಾಗಿ ಬಳಸುವುದು 13–14 ಟಿಬಿ. ಆನೆ ಸಾಕಿದ ಹಾಗೆ: ಕೆಲಸಕ್ಕೆ ಎದುರಿಲ್ಲ, ಆದರೆ ಮಾವುತ ಬೇಕೇ ಬೇಕು. ಜಿಲ್ಲಾ ಮಟ್ಟದ ಬ್ಯಾಂಕು, ಹಾಲು ಒಕ್ಕೂಟದಂಥ ಸಂಸ್ಥೆಗೆ ಸರಿ. ತಾಲ್ಲೂಕಿನ ಒಂದು ಸಂಘಕ್ಕೆ ಅಲ್ಲ.

ಗ್ಲಸ್ಟರ್. ಇದರ ಕಥೆ ನಮಗೆ ಹತ್ತಿರದ್ದು, ಎಂಜಿನಿಯರಿಂಗ್ ತಂಡ ಇದ್ದದ್ದು ಬೆಂಗಳೂರಿನಲ್ಲಿ. ಆನಂದ್ ಬಾಬು ಪೆರಿಯಸಾಮಿ ಸ್ಥಾಪಕರಲ್ಲೊಬ್ಬರು. 2011ರಲ್ಲಿ ರೆಡ್ ಹ್ಯಾಟ್ 13.6 ಕೋಟಿ ಡಾಲರ್ ಕೊಟ್ಟು ಕೊಂಡಿತು. ಸರಳ, ಮಾಮೂಲಿ ಫೋಲ್ಡರ್‌ಗಳ ಮೇಲೇ ಕಟ್ಟಿದ್ದು. ಆದರೆ ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಉತ್ಪನ್ನಕ್ಕೆ 2024ರ ಕೊನೆಗೆ ಪೂರ್ಣವಿರಾಮ ಹಾಕಿತು. ಕೋಡ್ ಎಲ್ಲರಿಗೂ ಮುಕ್ತವಾಗೇ ಇದೆ, ದುಡ್ಡು ಹಾಕುವ ದೊಡ್ಡ ಕೈ ಸರಿದುಹೋಯಿತು. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳಲ್ಲ.

ಮಿನಿಯೋ. ಅದೇ ಪೆರಿಯಸಾಮಿ 2014ರಲ್ಲಿ ಗೆಳೆಯರ ಜೊತೆ ಕಟ್ಟಿದ್ದು. ಎಸ್3 ಆಬ್ಜೆಕ್ಟ್ ಸ್ಟೋರೇಜ್‌ಗೆ ಹಲವು ವರ್ಷ ಇದೇ ಎಲ್ಲರ ಮೊದಲ ಉತ್ತರ, ಐದೇ ನಿಮಿಷದಲ್ಲಿ ಶುರುವಾಗುತ್ತಿತ್ತು. 2021ರಲ್ಲಿ ಪರವಾನಗಿ ಎಜಿಪಿಎಲ್‌ಗೆ ಬದಲಾಯಿತು. 2025ರಲ್ಲಿ ಉಚಿತ ಆವೃತ್ತಿಯ ವೆಬ್ ಪರದೆಯಿಂದ ಆಡಳಿತದ ಹೆಚ್ಚಿನ ಸೌಲಭ್ಯಗಳನ್ನು ಕಂಪನಿ ತೆಗೆದುಹಾಕಿತು. ಇದು ಕಾನೂನುಬಾಹಿರ ಏನಲ್ಲ, ಅವರ ಉತ್ಪನ್ನ, ಅವರ ತೀರ್ಮಾನ. ಆದರೆ 'ಓಪನ್ ಸೋರ್ಸ್' ಅಂದ ಮಾತ್ರಕ್ಕೆ ಅದು ನಿಮ್ಮದಾಗಲ್ಲ ಅನ್ನೋ ಪಾಠ ಇಲ್ಲಿದೆ. ಒಂದೇ ಕಂಪನಿ ನಡೆಸುವ ಓಪನ್ ಸೋರ್ಸ್ ಬೇರೆ, ಸಮುದಾಯ ಅಥವಾ ಫೌಂಡೇಶನ್ ನಡೆಸುವ ಓಪನ್ ಸೋರ್ಸ್ ಬೇರೆ.

ಗ್ಯಾರೇಜ್ ಮತ್ತು ಸೀವೀಡ್‌ಎಫ್‌ಎಸ್. ಮಿನಿಯೋ ಜಾಗಕ್ಕೆ ಜನ ನೋಡುತ್ತಿರುವ ಎರಡು ಹೆಸರು. ಗ್ಯಾರೇಜ್ ಕಟ್ಟಿದ್ದು ಫ್ರಾನ್ಸಿನ ಡ್ಯೂಫ್ಲರ್ ಅನ್ನುವ ಲಾಭರಹಿತ ಸಂಘ. ಬೇರೆ ಬೇರೆ ಊರಲ್ಲಿರುವ ಹಳೆಯ, ಸಣ್ಣ ಕಂಪ್ಯೂಟರ್‌ಗಳನ್ನು ಮಾಮೂಲಿ ಇಂಟರ್ನೆಟ್ ಮೂಲಕ ಜೋಡಿಸುವುದಕ್ಕೇ ಮಾಡಿದ್ದು. ಮೂರು ಊರಲ್ಲಿ ಮೂರು ಪ್ರತಿ, ಒಂದು ಊರಿನ ಕರೆಂಟ್ ಹೋದರೂ ಉಳಿದೆರಡು ನಡೆಸುತ್ತವೆ. ಸೀವೀಡ್‌ಎಫ್‌ಎಸ್ ಕೋಟಿಗಟ್ಟಲೆ ಸಣ್ಣ ಫೈಲ್ ಇಡುವುದರಲ್ಲಿ ಚುರುಕು. ಎರಡಕ್ಕೂ ಸೆಫ್‌ನಷ್ಟು ದೊಡ್ಡ ಬಳಗ ಇಲ್ಲ, ಇವು ಡೇಟಾಬೇಸ್ ನೇರವಾಗಿ ಓಡಿಸುವ ಜಾಗವೂ ಅಲ್ಲ. ಸ್ಕ್ಯಾನ್ ಪ್ರತಿ, ಬ್ಯಾಕಪ್‌ಗೆ ಚೆನ್ನ.

ಓಪನ್‌ಇಬಿಎಸ್. ಇದೂ ಬೆಂಗಳೂರಿನ ಕೂಸು. ಕ್ಲೌಡ್‌ಬೈಟ್, ಮುಂದೆ ಮಾಯಾಡೇಟಾ ಆದ ಕಂಪನಿ ಕಟ್ಟಿದ್ದು, 2021ರಲ್ಲಿ ಅದನ್ನು ಡೇಟಾಕೋರ್ ಕೊಂಡಿತು. ಇದು, ಲಾಂಗ್‌ಹಾರ್ನ್ ಎರಡೂ ಕುಬರ್ನೆಟೀಸ್ ನಡೆಸುವವರಿಗೆ. ಕುಬರ್ನೆಟೀಸ್ ಅಂದರೇನು ಅಂತ ನಿಮ್ಮ ಸಂಘದಲ್ಲಿ ಯಾರಿಗೂ ಗೊತ್ತಿಲ್ಲ ಅಂದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಅದು ಅವಮಾನವಲ್ಲ, ಉಳಿತಾಯ.

ವಿಸ್ಯಾನ್, ನ್ಯುಟಾನಿಕ್ಸ್. ದುಡ್ಡು ಕೊಟ್ಟರೆ ಸಲೀಸಾಗಿ ನಡೆಯುವ ವಾಣಿಜ್ಯ ವ್ಯವಸ್ಥೆಗಳು, ಫೋನ್ ಮಾಡಿದರೆ ಎತ್ತುವವರಿದ್ದಾರೆ. ವಿಸ್ಯಾನ್ ವಿಎಂವೇರ್‌ನದು. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ವಿಎಂವೇರ್ ಕೊಂಡಿತು, ಡಿಸೆಂಬರ್‌ನಲ್ಲೇ ಒಮ್ಮೆ ಕೊಂಡು ಸದಾ ಬಳಸುವ ಪರವಾನಗಿ ಮಾರಾಟ ನಿಲ್ಲಿಸಿ ಎಲ್ಲವನ್ನೂ ಚಂದಾ ಮಾಡಿತು. ಸ್ವಂತ ಮನೆ ಅಂದುಕೊಂಡಿದ್ದವರು ಬೆಳಗಾಗುವುದರೊಳಗೆ ಬಾಡಿಗೆದಾರರಾಗುವ ಲೆಕ್ಕ ಹಾಕಬೇಕಾಯಿತು.

ಬರೀ ಕ್ಲೌಡ್. ಮುಂಬೈ, ಹೈದರಾಬಾದ್‌ನಲ್ಲಿ ದೊಡ್ಡ ಕಂಪನಿಗಳ ಡೇಟಾ ಸೆಂಟರ್‌ಗಳಿವೆ. ಕರೆಂಟು, ಡಿಸ್ಕು, ಎಸಿ ಯಾವುದೂ ನಿಮ್ಮ ತಲೆನೋವಲ್ಲ. ಶುರು ಮಾಡುವುದು ಅಗ್ಗ. ಆದರೆ ಡೇಟಾ ಒಳಗೆ ಹಾಕುವುದಕ್ಕಿಂತ ಹೊರಗೆ ತೆಗೆಯುವುದಕ್ಕೆ ಸಾಮಾನ್ಯವಾಗಿ ಹೆಚ್ಚು ದುಡ್ಡು. ಕೊಟೇಶನ್‌ನಲ್ಲಿ ತಿಂಗಳ ಬಾಡಿಗೆ ನೋಡುವ ಮೊದಲು ಬಿಟ್ಟುಹೋಗುವ ಖರ್ಚು ನೋಡಿ.

ಮೂರು ಪ್ರತಿ ಇದ್ದರೂ ಬ್ಯಾಕಪ್ ಅಲ್ಲ

ಮೇಲಿನ ಯಾವುದನ್ನೇ ಆರಿಸಿ, ಒಂದು ಮಾತು ನೆನಪಿರಲಿ: ರೆಪ್ಲಿಕೇಶನ್ ಬ್ಯಾಕಪ್ ಅಲ್ಲ. ಯಾರೋ ತಪ್ಪಾಗಿ ಡಿಲೀಟ್ ಒತ್ತಿದರೆ ಮೂರೂ ಪ್ರತಿಯಲ್ಲಿ ಒಟ್ಟಿಗೇ ಡಿಲೀಟ್ ಆಗುತ್ತೆ. ರ‍್ಯಾನ್ಸಮ್‌ವೇರ್ ಬಂದರೆ ಮೂರಕ್ಕೂ ಒಟ್ಟಿಗೇ ಬೀಗ.

ಇದು ಹೆದರಿಸುವ ಮಾತಲ್ಲ. 2024ರ ಜುಲೈನಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ಆದಾಗ, ರಾಷ್ಟ್ರೀಯ ಪಾವತಿ ನಿಗಮ ಅದನ್ನು ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗೆ ಪೆಟ್ಟು ಬಿತ್ತು ಅಂತ ವರದಿಯಾಯಿತು. ಅವು ಹೆಚ್ಚಾಗಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಅಂದರೆ ನಮ್ಮಂಥವರ ಬ್ಯಾಂಕುಗಳು.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರ ಕಡತಗಳಿದ್ದ 'ಜಿ-ಡ್ರೈವ್'ನ 858 ಟಿಬಿ ಹೋಯಿತು. ಗಾತ್ರ ದೊಡ್ಡದು ಅನ್ನುವ ಕಾರಣಕ್ಕೆ ಹೊರಗೆ ಬ್ಯಾಕಪ್ಪೇ ಇಟ್ಟಿರಲಿಲ್ಲ. ಜಗತ್ತಿನ ಅತಿ ಮುಂದುವರಿದ ಡಿಜಿಟಲ್ ಸರ್ಕಾರಗಳಲ್ಲಿ ಒಂದು ಮಾಡಿದ ತಪ್ಪು, ಪಿರಿಯಾಪಟ್ಟಣದ ಡೇರಿಯ ಡಿ ಡ್ರೈವ್ ತಪ್ಪು, ಎರಡೂ ಒಂದೇ ಜಾತಿಯವು.

ಇನ್ನೊಂದು ಬಗೆಯ ಅಪಾಯಕ್ಕೆ ಬೆಂಕಿಯೂ ಬೇಡ, ವೈರಸ್ಸೂ ಬೇಡ. 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ನಿರ್ಬಂಧದ ಹಿನ್ನೆಲೆಯಲ್ಲಿ ಮೈಕ್ರೋಸಾಫ್ಟ್ ಭಾರತದ ನಯಾರಾ ಎನರ್ಜಿಗೆ ಕೊಡುತ್ತಿದ್ದ ಸೇವೆಯನ್ನು ಏಕಾಏಕಿ ತಡೆಹಿಡಿಯಿತು. ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ಮರಳಿತು. ನಯಾರಾ ಪರ ವಾದ ಮಾಡಬೇಕಾಗಿಲ್ಲ. ದುಡ್ಡು ಕಟ್ಟಿದ ಗ್ರಾಹಕನ ಬಾಗಿಲನ್ನೂ ಬೇರೆ ಯಾವುದೋ ಖಂಡದ ತೀರ್ಮಾನ ಮುಚ್ಚಿಸಬಹುದು ಅನ್ನುವುದಷ್ಟೇ ನಮಗೆ ಬೇಕಾದದ್ದು. ಅಂಥ ದೈತ್ಯ ಕಂಪನಿ ಹೈಕೋರ್ಟಿಗೆ ಹೋಗಬಲ್ಲದು. ಹನಗೋಡಿನ ಸಂಘ ಎಲ್ಲಿಗೆ ಹೋಗುತ್ತೆ?

ಅದಕ್ಕೆ ಹಳೆಯ ನಿಯಮವೇ ಗಟ್ಟಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲಿ. ನಾನು ನಾಲ್ಕನೆಯದೊಂದು ಸೇರಿಸ್ತೀನಿ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಲೆಕ್ಕ ವಾಪಸ್ ತೆಗೆದು ತೋರಿಸಬೇಕು. ತೆಗೆದು ನೋಡದ ಬ್ಯಾಕಪ್, ಮೊಳಕೆ ಪರೀಕ್ಷೆ ಮಾಡದ ಬಿತ್ತನೆ ಬೀಜ.

ದೆಹಲಿ, ಬೆಂಗಳೂರು, ಸೊಸೈಟಿ

ಇಷ್ಟು ಓದಿ 'ಇದೆಲ್ಲ ಸಂಘಕ್ಕೆ ಯಾಕೆ, ಸರ್ಕಾರವೇ ಮಾಡ್ತಿದೆಯಲ್ಲ' ಅನ್ನಬಹುದು. ಹೌದು, ಮಾಡ್ತಿದೆ. 2022ರ ಜೂನ್ 29ರಂದು ಕೇಂದ್ರ ಸಂಪುಟ ₹2,516 ಕೋಟಿಯಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ನಬಾರ್ಡ್ ಉಸ್ತುವಾರಿ, ದೇಶಕ್ಕೆಲ್ಲ ಒಂದೇ ಕ್ಲೌಡ್ ತಂತ್ರಾಂಶ.

ಇದನ್ನು ಕಣ್ಣು ಮುಚ್ಚಿ ವಿರೋಧಿಸುವ ಪೈಕಿ ನಾನಲ್ಲ. ಬೇನಾಮಿ ಸಾಲ, ತಿದ್ದಿದ ಲೆಡ್ಜರ್, 'ಪುಸ್ತಕ ಆಡಿಟ್‌ಗೆ ಹೋಗಿದೆ' ಅನ್ನುವ ಸಬೂಬು ಇವೆಲ್ಲ ನಮ್ಮ ಸಂಘಗಳಲ್ಲಿ ಇಲ್ಲ ಅಂತ ಯಾರಾದ್ರೂ ಎದೆ ಮುಟ್ಟಿಕೊಂಡು ಹೇಳಲಿ ನೋಡೋಣ. ಲೆಕ್ಕ ಕಂಪ್ಯೂಟರಿಗೆ ಏರಿದರೆ ಕಳ್ಳತನ ಸ್ವಲ್ಪವಾದರೂ ಕಷ್ಟವಾಗುತ್ತೆ. ಅದು ಒಳ್ಳೆಯದೇ.

ಆದರೆ ಸಹಕಾರ ಸಂಘ ಸಂವಿಧಾನದ ರಾಜ್ಯಪಟ್ಟಿಯ ವಿಷಯ. 2021ರ ಜುಲೈನಲ್ಲಿ ಕೇಂದ್ರದಲ್ಲಿ ಪ್ರತ್ಯೇಕ ಸಹಕಾರ ಸಚಿವಾಲಯ ಹುಟ್ಟಿತು. ಅದೇ ತಿಂಗಳು ಸುಪ್ರೀಂ ಕೋರ್ಟ್, ರಾಜ್ಯಗಳ ಅನುಮೋದನೆ ಪಡೆಯದ ಕಾರಣಕ್ಕೆ 97ನೇ ತಿದ್ದುಪಡಿಯ ರಾಜ್ಯದ ಸಂಘಗಳಿಗೆ ಸಂಬಂಧಿಸಿದ ಭಾಗವನ್ನು ಒಪ್ಪಲಿಲ್ಲ. ಕಾನೂನಿನಲ್ಲಿ ಸಂಘ ಸದಸ್ಯರದ್ದು, ನಿಯಂತ್ರಣ ರಾಜ್ಯದ್ದು. ಆದರೆ ಲೆಕ್ಕವೆಲ್ಲ ಸದಸ್ಯರ ಕೈಗೂ ರಾಜ್ಯದ ಕೈಗೂ ಸುಲಭಕ್ಕೆ ಸಿಗದ ಕಡೆ ಕೂತರೆ, ಕಾನೂನು ತಿದ್ದದೆಯೇ ಅಧಿಕಾರ ಸ್ಥಳಾಂತರ ಆಗುತ್ತೆ. ಇದು ದೆಹಲಿಗೆ ಮಾತ್ರ ಹೇಳುವ ಮಾತಲ್ಲ. ಎಲ್ಲವನ್ನೂ ಬೆಂಗಳೂರಿಗೆ ಎಳೆದುಕೊಳ್ಳುವ ನಮ್ಮ ಸರ್ಕಾರಗಳಿಗೂ ಅನ್ವಯಿಸುತ್ತೆ.

ಊರು ಒಡೆದು ಹೊಸ ತಾಲ್ಲೂಕಾದಾಗ ಇದರ ಬಿಸಿ ಗೊತ್ತಾಗುತ್ತೆ. ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆಯಾದವು. ಬೋರ್ಡು ಬದಲಾಯಿಸುವುದು ಒಂದು ದಿನದ ಕೆಲಸ. ದಾಖಲೆಯನ್ನು ಬಿಡಿಸಿ, ತಾಳೆ ನೋಡಿ, ಹೊಸ ಜಾಗಕ್ಕೆ ಸಾಗಿಸುವುದು ಹಾಗಲ್ಲ. ಡೇಟಾವನ್ನು ಸಾಮಾನ್ಯ ರೂಪದಲ್ಲಿ ಹೊರತೆಗೆಯುವ ದಾರಿ ಮೊದಲೇ ಇದ್ದರೆ ಮಾತ್ರ ಇದು ಸಲೀಸು.

ಜವಾಬ್ದಾರಿಯಂತೂ ತಪ್ಪಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಯಾಗುವುದಕ್ಕೆ 18 ತಿಂಗಳ ಕಾಲಾವಕಾಶ ಇದೆ. ತಕ್ಕ ಭದ್ರತೆ ಇಡದೆ ಮಾಹಿತಿ ಸೋರಿದರೆ ದಂಡ ₹250 ಕೋಟಿವರೆಗೆ. ಡೇಟಾ ಇಟ್ಟುಕೊಂಡವರು ಬೇರೆ ಕಂಪನಿಗೆ ಗುತ್ತಿಗೆ ಕೊಟ್ಟರೂ ಉತ್ತರದಾಯಿತ್ವ ಅವರದ್ದೇ.

ಹಾಗಾದ್ರೆ ಏನು ತಗೊಳ್ಳೋಣ?

ಆ ಡೇರಿಯವರಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿ ಬರೀತೀನಿ.

ಒಂದೊಂದೇ ಸಂಘಕ್ಕೆ: ಯಾವ ದೊಡ್ಡ ವ್ಯವಸ್ಥೆಯೂ ಬೇಡ. ಝಡ್‌ಎಫ್‌ಎಸ್ ಇರುವ ಒಂದು ಸಣ್ಣ ಸರ್ವರ್, ಜೋಡಿ ಡಿಸ್ಕು, ಒಳ್ಳೆ ಯುಪಿಎಸ್. ಗಂಟೆಗೊಂದು ಸ್ನ್ಯಾಪ್‌ಶಾಟ್.

ತಾಲ್ಲೂಕಿನ ಸಂಘಗಳು ಒಟ್ಟು ಸೇರಿದರೆ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಒಂದೊಂದು ಸರ್ವರ್. ಈ ನಾಲ್ಕನ್ನೂ ಸೇರಿಸಿ ಒಂದೇ ಸೆಫ್ ಗುಂಪು ಮಾಡೋಣ ಅಂತ ಯಾರಾದ್ರೂ ಹೇಳಿದರೆ ಬೇಡ ಅನ್ನಿ. ದೂರ ಸಮಸ್ಯೆಯಲ್ಲ, ಬೆಳಕಿಗೆ 50 ಕಿ.ಮೀ. ಹೋಗಿಬರಲು ಅರ್ಧ ಮಿಲಿಸೆಕೆಂಡ್ ಸಾಕು. ಸಮಸ್ಯೆ ಜೆಸಿಬಿಯದು. ರಸ್ತೆ ಅಗಲ ಮಾಡುವಾಗ ಫೈಬರ್ ಕಡಿದರೆ ಕೋರಂ ಹೋಗಿ ಬರೆಯುವುದೇ ನಿಲ್ಲಬಹುದು. ಅದರ ಬದಲು ಪ್ರತಿ ತಾಲ್ಲೂಕು ತನ್ನ ಕೆಲಸ ತಾನು ಮಾಡಲಿ, ರಾತ್ರಿ ಹೊತ್ತು ಬದಲಾದಷ್ಟನ್ನು ಪಕ್ಕದ ತಾಲ್ಲೂಕಿಗೆ ಕಳಿಸಲಿ. ಮೊದಲ ಸಲದ 400 ಜಿಬಿ ಪೂರ್ತಿ ಪ್ರತಿ 20 ಎಂಬಿಪಿಎಸ್ ಲೈನಿನಲ್ಲಿ ಹೋಗಲು ಎರಡು ದಿನದ ಹತ್ತಿರ ಬೇಕು. ಡಿಸ್ಕನ್ನು ಕೆಂಪು ಬಸ್ಸಿನಲ್ಲಿ ತಗೊಂಡು ಹೋದರೆ ಮಧ್ಯಾಹ್ನದೊಳಗೆ ಮುಟ್ಟುತ್ತೆ. ಆಮೇಲೆ ದಿನಕ್ಕೆ ಹೋಗುವುದು ಕೆಲವೇ ಎಂಬಿ.

ಝಡ್‌ಎಫ್‌ಎಸ್‌ನಲ್ಲಿ ಗೂಢಲಿಪಿ ಮಾಡಿದ ಡೇಟಾವನ್ನು ಹಾಗೇ ಕಳಿಸುವ ಅನುಕೂಲ ಇದೆ. ಹುಣಸೂರಿನ ಪ್ರತಿ ಕೆ.ಆರ್. ನಗರದಲ್ಲಿ ಭದ್ರವಾಗಿರುತ್ತೆ, ಆದರೆ ಕೀ ಇಲ್ಲದೆ ಕೆ.ಆರ್. ನಗರದವರು ಓದೋಕಾಗಲ್ಲ. 2019ರ ಆಗಸ್ಟ್ ಮಳೆಯಲ್ಲಿ ಲಕ್ಷ್ಮಣತೀರ್ಥ, ಕಪಿಲೆ ಎರಡೂ ಉಕ್ಕಿದ್ದು ನೆನಪಿದೆಯಲ್ಲ? ಒಂದು ಊರಿಗೆ ನೀರು ಬಂದರೆ ಇನ್ನೊಂದು ಊರು ಕಾಯಬೇಕು. ಸಹಕಾರ ಅಂದರೆ ಇದೇ ತಾನೆ?

ಸ್ಕ್ಯಾನ್ ಪ್ರತಿಗಳ ರಾಶಿಗೆ ಮೂರು ಊರಲ್ಲಿ ಗ್ಯಾರೇಜ್ ಇಡಬಹುದು. ಸೆಫ್ ಜಿಲ್ಲಾ ಮಟ್ಟಕ್ಕಿರಲಿ. ಕ್ಲೌಡ್ ಬೇಡ ಅನ್ನಲ್ಲ. ಅದು ಮೂರನೇ ಪ್ರತಿಯಾಗಿರಲಿ, ಒಂದೇ ಪ್ರತಿಯಾಗದಿರಲಿ.

ಇದಕ್ಕೊಂದು ಬಲವಾದ ಆಕ್ಷೇಪ ಇದೆ, ನನಗೂ ಗೊತ್ತು: ನೋಡಿಕೊಳ್ಳುವವರು ಯಾರು? ಸರ್ವರ್ ತರುವುದು ಸುಲಭ, ರಾತ್ರಿ ಹತ್ತಕ್ಕೆ ಅದು ನಿಂತಾಗ ಎದ್ದು ಬರುವವರು ಬೇಕು. ಇಲ್ಲಿಂದ ಎಂಜಿನಿಯರಿಂಗ್, ಡಿಪ್ಲೊಮಾ ಓದಿದ ನಮ್ಮ ಹುಡುಗ ಹುಡುಗಿಯರು ಬೆಂಗಳೂರಿಗೆ ಹೋಗಿ ಯಾರದ್ದೋ ಸ್ಟೋರೇಜ್ ಕಾಯುತ್ತಿದ್ದಾರೆ. ನಾಲ್ಕು ತಾಲ್ಲೂಕಿನ ಸಂಘಗಳು ಒಟ್ಟಾಗಿ ಇಬ್ಬರಿಗೆ ಸಂಬಳ ಕೊಟ್ಟರೆ ಈ ಕೆಲಸ ನಡೆಯುತ್ತೆ. ಕೊಡಲು ಮನಸ್ಸಿಲ್ಲದಿದ್ದರೆ ಮೇಲಿನ ಯಾವ ಸಾಫ್ಟ್‌ವೇರೂ ಉಳಿಸಲ್ಲ, ಆಗ ಕ್ಲೌಡೇ ವಾಸಿ.

ಮಹಾಸಭೆಯಲ್ಲಿ ಕೇಳಿ

ನೀವು ಅಥವಾ ನಿಮ್ಮ ಅಪ್ಪ, ಅವ್ವ ಯಾವುದೋ ಒಂದು ಸಂಘದ ಸದಸ್ಯರಾಗಿರುತ್ತೀರಿ. ವಾರ್ಷಿಕ ಮಹಾಸಭೆಯಲ್ಲಿ ಲಡ್ಡು, ಖಾರ ಹಂಚುವುದಕ್ಕೆ ಮೊದಲು ಎದ್ದು ನಿಂತು ಈ ಐದು ಪ್ರಶ್ನೆ ಕೇಳಿ.

1. ನಮ್ಮ ಲೆಕ್ಕದ ಎಷ್ಟು ಪ್ರತಿ ಇದೆ, ಯಾವ ಯಾವ ಊರಲ್ಲಿದೆ?
2. ಕೊನೆಯ ಸಲ ಬ್ಯಾಕಪ್‌ನಿಂದ ವಾಪಸ್ ತೆಗೆದು ನೋಡಿದ್ದು ಯಾವತ್ತು?
3. ಗೂಢಲಿಪಿಯ ಕೀ, ಪಾಸ್‌ವರ್ಡ್ ಯಾರ ಹತ್ತಿರ ಇದೆ? ಅವರು ಕೆಲಸ ಬಿಟ್ಟರೆ?
4. ಕಂಪನಿ ಬದಲಾಯಿಸಬೇಕಾದರೆ ನಮ್ಮ ಡೇಟಾವನ್ನು ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಎಷ್ಟು ದುಡ್ಡಿಗೆ ಕೊಡ್ತಾರೆ? ಒಪ್ಪಂದದಲ್ಲಿ ಬರೆದಿದೆಯಾ?
5. ನನ್ನ ಖಾತೆಯ ಲೆಕ್ಕ ನನಗೆ ಬೇಕು ಅಂದರೆ ಇವತ್ತೇ ಕೊಡ್ತೀರಾ?

ಉತ್ತರ ಗೊತ್ತಿಲ್ಲ ಅಂದರೆ ನಡಾವಳಿ ಪುಸ್ತಕದಲ್ಲಿ ಹಾಗೇ ಬರೆಸಿ. ಮುಂದಿನ ವರ್ಷ ಅದೇ ಪ್ರಶ್ನೆ ಮತ್ತೆ ಕೇಳಿ.

ಆ ಡೇರಿಯಲ್ಲಿ ಈಗ ಸಣ್ಣದೊಂದು ಸರ್ವರ್ ಇದೆ, ಅದರ ಪ್ರತಿ ಬೇರೆ ಊರಲ್ಲಿದೆ. ಹಾಲು ಅಳೆಯುವ ಹುಡುಗ ಮಾತ್ರ ನೋಟ್ ಪುಸ್ತಕ ಬಿಟ್ಟಿಲ್ಲ. ನಾನೂ ಬಿಡು ಅನ್ನಲಿಲ್ಲ.